ತೋಟ ಅಳೆಯುವವರಿಗೆ ಕ್ಯೂಜಿಐಎಸ್ ಕೈಪಿಡಿಗಳು: ಯಾವುದನ್ನು ಮೊದಲು ಓದಬೇಕು?

ಕಾಫಿ ತೋಟದ ಗಡಿಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಇಟ್ಟುಕೊಳ್ಳಬೇಕಾದ ಅಗತ್ಯ ಕೊಡಗಿನ ಬೆಳೆಗಾರರಿಗೆ ಈಚಿನ ವರ್ಷಗಳಲ್ಲಿ ಬಂದೊದಗಿದೆ. ಐರೋಪ್ಯ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿನ ಮಾರುಕಟ್ಟೆಗೆ ಸಲ್ಲುವುದಿಲ್ಲ. ಬೆಳೆದ ಜಾಗವನ್ನು ಆರು ದಶಮಾಂಶ ಸ್ಥಾನಗಳಿರುವ ಅಕ್ಷಾಂಶ ರೇಖಾಂಶಗಳಲ್ಲಿ ತೋರಿಸಬೇಕು. ಜಾಗ 4 ಹೆಕ್ಟೇರಿಗಿಂತ ದೊಡ್ಡದಾಗಿದ್ದರೆ ಒಂದು ಬಿಂದು ಸಾಲದು, ಸುತ್ತಲಿನ ಗಡಿರೇಖೆಯೇ ಬೇಕು. ನಿಯಮ ಜಾರಿಗೆ ಬರುವ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ಹಾಗಿದ್ದರೂ ಕಾಫಿ ಕೊಳ್ಳುವವರು ಈಗಾಗಲೇ ನಕ್ಷೆ ಕೇಳತೊಡಗಿರುವುದರಿಂದ, ಹತ್ತು ಎಕರೆಗೆ ತುಸು ಕಡಿಮೆಯಾಗುವ ಆ 4 ಹೆಕ್ಟೇರಿನ ಗೆರೆಯ ಆಚೀಚೆ ಇರುವ ಬೆಳೆಗಾರರು ತಮ್ಮ ತೋಟ ನಿಜವಾಗಿ ಎಷ್ಟಿದೆ ಎಂಬುದನ್ನು ಆರ್‌ಟಿಸಿಯ ಹೊರಗೂ ತಿಳಿದುಕೊಳ್ಳಲು ಹೊರಟಿದ್ದಾರೆ.

ಇದಕ್ಕೆ ದುಡ್ಡು ಕೊಡದೆ ಸಿಗುವ ಜಿಐಎಸ್ (ನಕ್ಷೆಯನ್ನೂ ಅದರ ಮಾಹಿತಿಯನ್ನೂ ಒಟ್ಟಿಗೆ ನಿಭಾಯಿಸುವ ಭೌಗೋಳಿಕ ಮಾಹಿತಿ ವ್ಯವಸ್ಥೆ) ತಂತ್ರಾಂಶಗಳಲ್ಲಿ ಮುಂಚೂಣಿಯಲ್ಲಿರುವುದು ಕ್ಯೂಜಿಐಎಸ್. ಗ್ಯಾರಿ ಶೆರ್ಮನ್ 2002ರಲ್ಲಿ ಆರಂಭಿಸಿದ ಈ ಯೋಜನೆಯನ್ನು ಈಗ ಜಗತ್ತಿನಾದ್ಯಂತ ಇರುವ ಸ್ವಯಂಸೇವಕರು ನಡೆಸುತ್ತಿದ್ದಾರೆ. ತಂತ್ರಾಂಶದ ಗುಣಾವಗುಣಗಳ ಬಗ್ಗೆ ಸಾಕಷ್ಟು ಜನ ಬರೆದಿದ್ದಾರೆ. ನಾನು ಇಲ್ಲಿ ಪರಿಶೀಲಿಸುತ್ತಿರುವುದು ಅದರ ಜೊತೆಗೆ ಬರುವ ಅಧಿಕೃತ ಕೈಪಿಡಿಗಳನ್ನು ಮಾತ್ರ. ಗೋಣಿಕೊಪ್ಪದ ಸುತ್ತಮುತ್ತಲಿನ ಬೆಳೆಗಾರರಿಗೂ ಅವರ ಮನೆಯ ಕಾಲೇಜು ಮಕ್ಕಳಿಗೂ ಈ ತಂತ್ರಾಂಶ ಕಲಿಸುವಾಗ ನಾನು ಆಧರಿಸಿರುವುದು ಈ ಕೈಪಿಡಿಗಳನ್ನೇ. ಆದುದರಿಂದ ಇವು ಯಾರ ಕೈಗೆ ಯಾವ ಕ್ರಮದಲ್ಲಿ ಹೋಗಬೇಕು ಎಂಬ ಬಗ್ಗೆ ನನಗೊಂದು ಖಚಿತ ಅಭಿಪ್ರಾಯ ಉಂಟಾಗಿದೆ.

ಈ ಕೈಪಿಡಿಗಳ ವಿಶೇಷವೇನೆಂದರೆ, ತಂತ್ರಾಂಶ ಕಲಿಸುವವರೆಲ್ಲರೂ ಚರ್ಚಿಸುವ ಒಂದು ಪ್ರಶ್ನೆಗೆ ಇಲ್ಲಿ ಎರಡು ಉತ್ತರಗಳು ಎರಡು ಪುಸ್ತಕಗಳಾಗಿ ಅಕ್ಕಪಕ್ಕದಲ್ಲೇ ಕುಳಿತಿವೆ. ಮೊದಲು ಪರಿಕಲ್ಪನೆಯನ್ನು ತಿಳಿಸಿ ಆಮೇಲೆ ಕೆಲಸಕ್ಕೆ ಹಚ್ಚಬೇಕೋ, ಮೊದಲು ಕೆಲಸ ಮಾಡಿಸಿ ಪರಿಕಲ್ಪನೆಯನ್ನು ತಾನಾಗಿ ಮೂಡಲು ಬಿಡಬೇಕೋ ಎಂಬುದೇ ಆ ಪ್ರಶ್ನೆ. ‘ಜೆಂಟಲ್ ಇಂಟ್ರೊಡಕ್ಷನ್ ಟು ಜಿಐಎಸ್’ ಎಂಬ ಪರಿಚಯ ಪುಸ್ತಕ ಮೊದಲನೆಯ ದಾರಿಯದು. ‘ಟ್ರೈನಿಂಗ್ ಮ್ಯಾನ್ಯುಯಲ್’ ಎಂಬ ತರಬೇತಿ ಕೈಪಿಡಿ ಎರಡನೆಯ ದಾರಿಯದು. ಇವೆರಡರ ಆಚೆಗೆ, ಮೆನು ಮತ್ತು ಕಿಟಕಿಗಳ ಅನುಕ್ರಮದಲ್ಲಿ ಬರೆದ ದಪ್ಪನೆಯ ಬಳಕೆದಾರರ ಕೈಪಿಡಿಯೊಂದಿದೆ. ಅದು ಬೇಕಾದಾಗ ತೆರೆದು ನೋಡುವ ಗ್ರಂಥ; ಕಲಿಯಲು ಅದನ್ನು ಮೊದಲ ಪುಟದಿಂದ ಓದಲು ಹೊರಟವರು ಎರಡನೆಯ ಅಧ್ಯಾಯ ದಾಟುವುದನ್ನು ನಾನು ಕಂಡಿಲ್ಲ.

ಪರಿಚಯ ಪುಸ್ತಕವನ್ನು ಮೊದಲು ನೋಡೋಣ. ದಕ್ಷಿಣ ಆಫ್ರಿಕಾದ ಸರ್ಕಾರದ ನೆರವಿನಿಂದ, ಪರಿಭಾಷೆಯ ಹೊರೆಯಿಲ್ಲದೆ ಜಿಐಎಸ್ ಕಲಿಸಬೇಕೆಂಬ ಉದ್ದೇಶದಿಂದ ಹೊರಬಂದ ಪುಸ್ತಕವಿದು. ಜಿಐಎಸ್ ಎಂದರೇನು ಎಂಬುದರಿಂದ ಹೊರಟು ವೆಕ್ಟರ್ ದತ್ತಾಂಶ (ಬಿಂದು, ಗೆರೆ, ಆಕೃತಿಗಳು), ಅದರ ಗುಣವಿವರಗಳು, ದತ್ತಾಂಶ ಸಂಗ್ರಹ, ರಾಸ್ಟರ್ (ಚೌಕಗಳ ಜಾಲವಾಗಿರುವ ಚಿತ್ರ), ಟೋಪಾಲಜಿ (ಆಕೃತಿಗಳ ಅಂಚುಗಳ ನಡುವಿನ ಸಂಬಂಧ), ನಿರ್ದೇಶಾಂಕ ವ್ಯವಸ್ಥೆಗಳು (ಸ್ಥಳವನ್ನು ಅಂಕಿಗಳಲ್ಲಿ ಗುರುತಿಸುವ ಪದ್ಧತಿಗಳು), ನಕ್ಷೆ ತಯಾರಿ, ಬಫರ್ (ಆಕೃತಿಯ ಸುತ್ತ ಗೊತ್ತಾದ ದೂರದ ಪಟ್ಟಿ), ಇಂಟರ್‌ಪೊಲೇಷನ್ (ಅಳೆದ ಬಿಂದುಗಳ ನಡುವಿನ ಬೆಲೆಗಳ ಅಂದಾಜು) ಎಂದು ಸಾಗುತ್ತದೆ. ಪ್ರತಿ ಅಧ್ಯಾಯದ ಕೊನೆಯಲ್ಲಿ ಕಲಿತದ್ದೇನು ಎಂಬ ಸಾರ, ಸ್ವತಃ ಮಾಡಿ ನೋಡಲು ಒಂದಿಷ್ಟು ಅಭ್ಯಾಸ, ಯೋಚಿಸಲು ಒಂದು ವಿಷಯ ಇರುತ್ತವೆ. ಕಂಪ್ಯೂಟರ್ ಇಲ್ಲದವರು ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಪದರಗಳ ಕಲ್ಪನೆಯನ್ನು ಅರಿಯಬಹುದೆಂದು ಪುಸ್ತಕ ಸೂಚಿಸುತ್ತದೆ. ಕರೆಂಟು ಹೋದರೆ ಎಂದು ಬರುವುದೋ ಹೇಳಲಾಗದ ಜುಲೈ ತಿಂಗಳ ಕೊಡಗಿನಲ್ಲಿ ಈ ಸೂಚನೆಯನ್ನು ನಾನು ಅಕ್ಷರಶಃ ಪಾಲಿಸಿದ್ದೇನೆ. ಒಂದು ಹಾಳೆಯಲ್ಲಿ ತೋಡು, ಇನ್ನೊಂದರಲ್ಲಿ ಗದ್ದೆ ಮತ್ತು ಬಾಣೆ, ಮೇಲಿನದರಲ್ಲಿ ತೋಟದ ರಸ್ತೆ. ಪದರ ಎಂದರೇನೆಂದು ಮತ್ತೆ ವಿವರಿಸುವ ಪ್ರಸಂಗವೇ ಬರಲಿಲ್ಲ.

ಭಾಷೆ ಸರಳವಾಗಿದೆ, ಚಿತ್ರಗಳು ಹೇರಳವಾಗಿವೆ, ಧಾಟಿಯಲ್ಲಿ ಪಂಡಿತರ ಬಿಗುವಿಲ್ಲ. ನಿರ್ದೇಶಾಂಕ ವ್ಯವಸ್ಥೆಗಳ ಅಧ್ಯಾಯವಂತೂ ಇಡೀ ಪುಸ್ತಕದ ಮುಕುಟ. ಪಾರದರ್ಶಕ ಗೋಲದೊಳಗೆ ದೀಪವಿಟ್ಟು, ಗೋಲದ ಮೇಲಿನ ಆಕೃತಿಗಳ ನೆರಳನ್ನು ಚಪ್ಪಟೆ ಹಾಳೆಯ ಮೇಲೆ ಬೀಳಿಸಿದರೆ ಏನಾಗುತ್ತದೆ ಎಂಬ ಕಲ್ಪನೆಯಿಂದ ಆರಂಭಿಸಿ, ದುಂಡಗಿರುವ ಭೂಮಿಯನ್ನು ಚಪ್ಪಟೆ ಮಾಡುವಾಗ ಕೋನ, ದೂರ, ವಿಸ್ತೀರ್ಣ ಮೂರನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಸಾಧ್ಯವಿಲ್ಲವೆಂಬುದನ್ನು ಲೇಖಕರು ಮನದಟ್ಟು ಮಾಡಿಸುತ್ತಾರೆ. ಹೈಸ್ಕೂಲು ಭೂಗೋಳದ ಪಾಠಗಳಲ್ಲಿ ಇಷ್ಟು ತಿಳಿಯಾಗಿ ಇದನ್ನು ಹೇಳಿದ್ದು ನನಗೆ ನೆನಪಿಲ್ಲ.

ಆದರೆ ಈ ಪುಸ್ತಕವನ್ನು ಬೆಳೆಗಾರರ ಕೈಗೆ ನೇರವಾಗಿ ಕೊಟ್ಟರೆ ಅದು ಉಳಿಯುವುದಿಲ್ಲ. ಅವರಿಗೆ ಬೇಕಾಗಿರುವುದು ಒಂದು ತೋಟದ ಗಡಿ, ಅದರ ಎಕರೆ ಲೆಕ್ಕ, ಕಳುಹಿಸಿಕೊಡಬಹುದಾದ ಒಂದು ಕಡತ. ಅದಕ್ಕಾಗಿ ಕುಳಿತವರಿಗೆ ಇಂಟರ್‌ಪೊಲೇಷನ್ನಿನ ಬಗೆಗಳನ್ನು ವಿವರಿಸಿದರೆ ವಿನಯದಿಂದ ಕೇಳಿಸಿಕೊಳ್ಳುತ್ತಾರೆ, ಮುಂದಿನ ವಾರ ಬರುವುದಿಲ್ಲ. ಮೇಲಾಗಿ ಪುಸ್ತಕದ ಕ್ರಮ ವಿಷಯದ ಕ್ರಮವೇ ಹೊರತು ಕೆಲಸದ ಕ್ರಮವಲ್ಲ. ಗಡಿ ಬಿಡಿಸುವುದನ್ನು ಹೇಳುವ ದತ್ತಾಂಶ ಸಂಗ್ರಹದ ಅಧ್ಯಾಯ ಮೊದಲೇ ಬಂದುಹೋಗುತ್ತದೆ. ಬಿಡಿಸಿದ ಗಡಿ ಯಾವ ಅಳತೆಗೋಲಿನಲ್ಲಿ ಕುಳಿತಿದೆ ಎಂಬುದನ್ನು ತಿಳಿಸುವ ನಿರ್ದೇಶಾಂಕದ ಅಧ್ಯಾಯ ರಾಸ್ಟರ್ ಮತ್ತು ಟೋಪಾಲಜಿಗಳನ್ನು ದಾಟಿ ಬರುತ್ತದೆ.

ತರಬೇತಿ ಕೈಪಿಡಿಯ ಸ್ವಭಾವ ಇದಕ್ಕೆ ಪೂರ್ತಿ ವಿರುದ್ಧ. ಅದೂ ದಕ್ಷಿಣ ಆಫ್ರಿಕಾದ ಮೂಲದ್ದೇ. ಅಲ್ಲಿನ ಸ್ವೆಲ್ಲೆಂಡ್ಯಾಮ್ ಎಂಬ ಊರಿನ ದತ್ತಾಂಶವನ್ನು ಇಳಿಸಿಕೊಂಡು ಮೊದಲ ಪಾಠದಿಂದಲೇ ಕೈ ಆಡಿಸಬೇಕು. ಇದನ್ನು ಒತ್ತಿ, ಅದನ್ನು ಆರಿಸಿ, ಈಗ ನೀವೇ ಮಾಡಿ ನೋಡಿ ಎಂಬ ಲಯದಲ್ಲಿ ಪಾಠಗಳು ನಡೆಯುತ್ತವೆ. ನಡುವಿನ ಒಂದು ಘಟ್ಟದಲ್ಲಿ ಕಲಿಯುವವರು ಮನೆ ಕೊಳ್ಳುವವರೊಬ್ಬರಿಗಾಗಿ ಹುಡುಕಾಟ ನಡೆಸಬೇಕಾಗುತ್ತದೆ: ಮನೆ ಸ್ವೆಲ್ಲೆಂಡ್ಯಾಮಿನಲ್ಲೇ ಇರಬೇಕು, ಶಾಲೆಯಿಂದ 1 ಕಿಲೋಮೀಟರಿನ ಒಳಗಿರಬೇಕು, 100 ಚದರ ಮೀಟರಿಗಿಂತ ದೊಡ್ಡದಿರಬೇಕು, ಮುಖ್ಯ ರಸ್ತೆಗೆ 50 ಮೀಟರ್ ಮತ್ತು ಹೋಟೆಲಿಗೆ 500 ಮೀಟರ್ ದೂರದೊಳಗೆ ಇರಬೇಕು. ಬಫರ್, ಛೇದನ, ಆಯ್ಕೆ ಇವೆಲ್ಲ ಈ ಒಂದು ನೆಪದಲ್ಲಿ ಕೈಗೆ ಹತ್ತುತ್ತವೆ. ಕಪಾತು ಕಲಿಯುವವನು ಗಿಡದ ಮುಂದೆ ಕತ್ತಿ ಹಿಡಿದು ನಿಂತೇ ಕಲಿಯುವ ಹಾಗೆ ಇಲ್ಲಿ ಕಲಿಕೆ ನಡೆಯುತ್ತದೆ, ಮತ್ತು ಒಬ್ಬರೂ ಬೇಸರಪಟ್ಟುಕೊಳ್ಳುವುದಿಲ್ಲ.

ಹಾಗಾದರೆ ಈ ಕೈಪಿಡಿಯನ್ನೇ ಮೊದಲು ಕೊಟ್ಟರಾಯಿತು ಎನ್ನಬಹುದು. ಬಹುಮಟ್ಟಿಗೆ ನಾನೂ ಅದನ್ನೇ ಒಪ್ಪುತ್ತೇನೆ. ಆದರೆ ಈ ಬಹುಮಟ್ಟಿನ ಆಚೆಗೆ ಉಳಿಯುವ ಭಾಗದಲ್ಲಿಯೇ ಎಡವಟ್ಟುಗಳು ಕುಳಿತಿವೆ.

ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಬೆಳೆಗಾರರೊಬ್ಬರು ಫೋನಿನ ಜಿಪಿಎಸ್ ಹಿಡಿದು ತೋಟದ ಸುತ್ತ ನಡೆದು ತಂದ ಗಡಿಯನ್ನು ಕ್ಯೂಜಿಐಎಸ್‌ಗೆ ಹಾಕಿದರು. ಕಾಲಮುಗಳಿಗೆ ಸೂತ್ರದಿಂದ ಲೆಕ್ಕ ತುಂಬುವ ಫೀಲ್ಡ್ ಕ್ಯಾಲ್ಕ್ಯುಲೇಟರ್ ತೆರೆದು ‘ಏರಿಯಾ’ ಸೂತ್ರಕ್ಕೆ ಆಕೃತಿಯನ್ನು ಕೊಟ್ಟು ವಿಸ್ತೀರ್ಣ ಕೇಳಿದಾಗ ಬಂದ ಉತ್ತರ 0.000. “ಸಾರ್, ಹತ್ತು ಎಕರೆ ತೋಟ ಸೊನ್ನೆ ಅಂತಿದೆಯಲ್ಲ, ಸರ್ಕಾರಕ್ಕೆ ಸೇರಿಹೋಯ್ತಾ?” ಎಂದು ಅವರು ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕಾರಣ ಸುಲಭದ್ದು. ಫೋನು ಕೊಟ್ಟ ಗಡಿ ಡಿಗ್ರಿಗಳಲ್ಲಿದೆ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 110 ಕಿಲೋಮೀಟರ್. ಹತ್ತು ಎಕರೆ ಎಂಬುದು ಒಂದು ಚದರ ಡಿಗ್ರಿಯ ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಮೂರು ದಶಮಾಂಶ ಸ್ಥಾನಗಳ ಕಾಲಮಿನಲ್ಲಿ ಅದು ಸೊನ್ನೆಯಾಗಿಯೇ ಕಾಣಬೇಕು. ಇದೇ ಬಗೆಯಲ್ಲಿ ತೋಡಿನಿಂದ 50 ಮೀಟರ್ ಬಿಡಲು ಬಫರ್ ಹಾಕಿದರೆ ಅದು 50 ಡಿಗ್ರಿಯಾಗಿ, ಇಡೀ ಭಾರತವನ್ನು ನುಂಗಿ ಆಫ್ರಿಕಾದವರೆಗೆ ಹರಡಿಕೊಳ್ಳುತ್ತದೆ.

ಈ ತಪ್ಪುಗಳಿಂದ ನನಗೇನೂ ಚಿಂತೆಯಿಲ್ಲ. ಇವು ತಾವೇ ಕೂಗಿ ಹೇಳುವ ತಪ್ಪುಗಳು. ಕಂಡ ಕೂಡಲೇ ಕಲಿಯುವವರಿಗೆ ಏನೋ ಕೆಟ್ಟಿದೆಯೆಂದು ಗೊತ್ತಾಗುತ್ತದೆ, ಆ ಗಳಿಗೆಯಲ್ಲಿ ನಿರ್ದೇಶಾಂಕದ ಅಧ್ಯಾಯವನ್ನು ಮುಂದಿಟ್ಟರೆ ಹಸಿದವರು ಉಣ್ಣುವ ಹಾಗೆ ಓದುತ್ತಾರೆ. ಕೆಲಸವನ್ನು ಮುಂದಿಡುವ ಪಂಥದವರು ಹೇಳುವುದೂ ಇದನ್ನೇ.

ಚಿಂತೆ ಬೇರೆಡೆ ಇದೆ. ಅದೇ ತೋಟವನ್ನು ಇನ್ನೊಬ್ಬರು ಬೇರೆ ರೀತಿಯಲ್ಲಿ ಮಾಡುತ್ತಾರೆ. ಅವರು ಮೊದಲು ಓಪನ್‌ಸ್ಟ್ರೀಟ್‌ಮ್ಯಾಪಿನ ಹಿನ್ನೆಲೆ ನಕ್ಷೆಯನ್ನು ತೆರೆಯುತ್ತಾರೆ. ಖಾಲಿ ಪ್ರಾಜೆಕ್ಟಿಗೆ ಮೊದಲು ಬಂದ ಪದರದ ನಿರ್ದೇಶಾಂಕ ವ್ಯವಸ್ಥೆಯನ್ನೇ ತಂತ್ರಾಂಶ ಪ್ರಾಜೆಕ್ಟಿಗೂ ಹಚ್ಚಿಕೊಳ್ಳುವುದರಿಂದ, ಅದು ವೆಬ್ ಮರ್ಕೇಟರ್ ಎಂಬ ವ್ಯವಸ್ಥೆಗೆ ಹೋಗುತ್ತದೆ; ಅಂತರ್ಜಾಲದ ನಕ್ಷೆಗಳು ಸಾಮಾನ್ಯವಾಗಿ ಬಳಸುವ ಇದಕ್ಕೆ ಇಪಿಎಸ್‌ಜಿ ಎಂಬ ನಿರ್ದೇಶಾಂಕ ವ್ಯವಸ್ಥೆಗಳ ಪಟ್ಟಿಯಲ್ಲಿರುವ ಸಂಖ್ಯೆ 3857. ಹೊಸ ಪದರಕ್ಕೂ ಪ್ರಾಜೆಕ್ಟಿನ ವ್ಯವಸ್ಥೆಯನ್ನೇ ಆರಿಸಿ, ತೋಟದ ಗಡಿ ಬಿಡಿಸಿ, ಅದೇ ಸೂತ್ರದಲ್ಲಿ ವಿಸ್ತೀರ್ಣ ಕೇಳುತ್ತಾರೆ. ಈ ಸಲ ಬರುವುದು ಸೊನ್ನೆಯಲ್ಲ; ಚದರ ಮೀಟರುಗಳಲ್ಲಿ, ನೋಡಲು ಸಭ್ಯವಾದ ಒಂದು ಸಂಖ್ಯೆ. ಆದರೆ ಆ ವ್ಯವಸ್ಥೆ ಸಮಭಾಜಕದಿಂದ ದೂರ ಹೋದಂತೆಲ್ಲ ನೆಲವನ್ನು ಹಿಗ್ಗಿಸುತ್ತದೆ, ನಮ್ಮ 12 ಡಿಗ್ರಿಯ ಆಸುಪಾಸಿನಲ್ಲಿ ವಿಸ್ತೀರ್ಣ ಶೇಕಡಾ ಐದರಷ್ಟು ಹೆಚ್ಚಿ ಕಾಣುತ್ತದೆ. ಹತ್ತು ಎಕರೆ ಹತ್ತೂವರೆಯಾಗುತ್ತದೆ. 3.9 ಹೆಕ್ಟೇರಿನ ತೋಟ 4.1 ಆಗಿ, ಬಿಂದು ಸಾಕಾಗಿದ್ದವರು ಗಡಿರೇಖೆ ಕೊಡಬೇಕಾದವರ ಸಾಲಿಗೆ ಸೇರುತ್ತಾರೆ. ಯಾರೂ ನಗುವುದಿಲ್ಲ, ಯಾರೂ ಪ್ರಶ್ನೆ ಕೇಳುವುದಿಲ್ಲ. ತೋಟ ಅರ್ಧ ಎಕರೆ ಹೆಚ್ಚಿದ್ದಕ್ಕೆ ಮನೆಯವರಿಗೆ ಸಂತೋಷವೇ ಆಗಬಹುದು.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಕ್ಯೂಜಿಐಎಸ್‌ನಲ್ಲಿ ‘ಡಾಲರ್ ಏರಿಯಾ’ ಎಂಬ ಇನ್ನೊಂದು ಸೂತ್ರವಿದ್ದು, ಅದು ಪ್ರಾಜೆಕ್ಟಿನಲ್ಲಿ ಗೊತ್ತುಮಾಡಿದ ದೀರ್ಘವೃತ್ತಗೋಲದ (ಭೂಮಿಯ ತುಸು ಚಪ್ಪಟೆಯಾದ ಗೋಲಾಕಾರದ ಮಾದರಿಯ) ಮೇಲೆ ಲೆಕ್ಕ ಹಾಕುವುದರಿಂದ ಇದೇ ತೋಟಕ್ಕೆ ಹೆಚ್ಚು ಕಡಿಮೆ ಸರಿಯಾದ ಉತ್ತರ ಕೊಡುತ್ತದೆ. ಎರಡು ಸೂತ್ರಗಳ ಹೆಸರಿನಲ್ಲಿ ಕಾಣುವ ವ್ಯತ್ಯಾಸ ಒಂದು ಚಿಹ್ನೆಯದು, ಉತ್ತರಗಳ ನಡುವಿನ ವ್ಯತ್ಯಾಸ ಅರ್ಧ ಎಕರೆಯದು. ಬಳಕೆದಾರರ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿಯೇ ದಾಖಲಾಗಿದೆ. ಆದರೆ ಹುಡುಕಬೇಕೆಂದು ಗೊತ್ತಿರುವವರಿಗೆ ಮಾತ್ರ ಅದು ಸಿಗುತ್ತದೆ.

1980ರ ದಶಕದಲ್ಲಿ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ಕ್ಯಾರೊಲ್, ಕಚೇರಿಯ ಕೆಲಸಗಾರರು ಕಂಪ್ಯೂಟರಿನಲ್ಲಿ ಬರವಣಿಗೆ ಕಲಿಯುವುದನ್ನು ಗಮನಿಸಿ, ಜನರು ಕೈಪಿಡಿಯನ್ನು ಅನುಕ್ರಮವಾಗಿ ಓದುವುದಿಲ್ಲ, ತಮ್ಮ ಕೆಲಸಕ್ಕೆ ನೇರವಾಗಿ ಧುಮುಕುತ್ತಾರೆ ಎಂಬುದನ್ನು ಕಂಡುಕೊಂಡರು. ಪೀಠಿಕೆಗಳನ್ನು ಕತ್ತರಿಸಿ, ನಿಜವಾದ ಕೆಲಸದಿಂದಲೇ ಆರಂಭವಾಗುವ ತೆಳ್ಳನೆಯ ಕೈಪಿಡಿಗಳನ್ನು ಅವರು ಪ್ರತಿಪಾದಿಸಿದ್ದು ಆ ಬಳಿಕ. ಕೆಲಸ ಮೊದಲು ಎನ್ನುವವರು ಇವರ ಹೆಸರನ್ನು ಆಗಾಗ ಎತ್ತುತ್ತಾರೆ. ಆದರೆ ಆ ವಾದದ ಇನ್ನೊಂದು ಕಾಲನ್ನು ಮರೆಯುತ್ತಾರೆ: ತಪ್ಪನ್ನು ಗುರುತಿಸಿ ಅದರಿಂದ ಚೇತರಿಸಿಕೊಳ್ಳುವುದಕ್ಕೆ ಕೈಪಿಡಿ ನೆರವಾಗಬೇಕೆಂದು ಕ್ಯಾರೊಲ್ ಅಷ್ಟೇ ಒತ್ತಿ ಹೇಳಿದ್ದರು. ಬರವಣಿಗೆಯ ತಂತ್ರಾಂಶದಲ್ಲಿ ತಪ್ಪು ಬಹುಮಟ್ಟಿಗೆ ಪರದೆಯ ಮೇಲೆ ಕಾಣುತ್ತದೆ. ಅಳತೆಯ ತಂತ್ರಾಂಶದಲ್ಲಿ ಹಾಗಲ್ಲ. ಐದು ಪ್ರತಿಶತ ತಪ್ಪಿರುವ ಸಂಖ್ಯೆಗೂ ಸರಿಯಾದ ಸಂಖ್ಯೆಗೂ ಮುಖದಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ.

ಪರಿಕಲ್ಪನೆ ಮೊದಲೋ ಕೆಲಸ ಮೊದಲೋ ಎಂಬುದನ್ನು ಇಡೀ ಪುಸ್ತಕಕ್ಕೆ ಒಂದೇ ಸಲ ತೀರ್ಮಾನಿಸುವುದು ಸರಿಯಲ್ಲವೆಂದು ನಾನು ಹೇಳುವುದು ಇದರಿಂದ. ಕಲಿಯುವವರು ಹೊಸಬರೋ ಹಳಬರೋ ಎಂಬುದನ್ನು ನೋಡಿಯೂ ತೀರ್ಮಾನಿಸಬಾರದು. ಈ ಹೆಜ್ಜೆಯಲ್ಲಿ ತಪ್ಪಿದರೆ ಅದು ತಪ್ಪಿದವರಿಗೆ ಕಾಣುತ್ತದೆಯೇ ಎಂದು ನೋಡಬೇಕು. ಕಾಣುವುದಾದರೆ ಕೆಲಸ ಮುಂದಿರಲಿ. ಕಾಣದಿದ್ದರೆ ಆ ಹೆಜ್ಜೆಗೆ ಮುಂಚೆಯೇ, ಒಂದೇ ಪುಟದಷ್ಟಾದರೂ, ಪರಿಕಲ್ಪನೆ ಬರಬೇಕು. ಈ ಕಣ್ಣಿನಿಂದ ನೋಡಿದಾಗ ತರಬೇತಿ ಕೈಪಿಡಿಯ ಬಣ್ಣ ಹಚ್ಚುವ, ಹೆಸರು ಬರೆಸುವ, ನಕ್ಷೆಯನ್ನು ಮುದ್ರಣಕ್ಕೆ ಜೋಡಿಸುವ ಪಾಠಗಳು ಇರುವಂತೆಯೇ ಚೆನ್ನಾಗಿವೆ, ಅವುಗಳ ಹಿಂದೆ ಸಿದ್ಧಾಂತ ಹೊತ್ತು ತರುವ ಅಗತ್ಯವಿಲ್ಲ. ಅಳೆಯುವ ಪಾಠಗಳು ಮಾತ್ರ ಅವಸರ ಮಾಡುತ್ತವೆ.

ಮನೆ ಹುಡುಕುವ ಪಾಠಕ್ಕೆ ಮೊದಲು ಕೈಪಿಡಿಯು ದತ್ತಾಂಶವನ್ನು ಮೀಟರುಗಳಲ್ಲಿ ಅಳೆಯುವ ಯುಟಿಎಂ ಎಂಬ ನಿರ್ದೇಶಾಂಕ ವ್ಯವಸ್ಥೆಯ ವಲಯ 34 ದಕ್ಷಿಣಕ್ಕೆ ಪರಿವರ್ತಿಸಿಕೊಳ್ಳಲು ಹೇಳುತ್ತದೆ. ಸ್ವೆಲ್ಲೆಂಡ್ಯಾಮಿಗೆ ಅದು ಸರಿ. ಕೊಡಗು ಇರುವುದು ವಲಯ 43 ಉತ್ತರದಲ್ಲಿ, ಅದರ ಇಪಿಎಸ್‌ಜಿ ಸಂಖ್ಯೆ 32643. ಅಂಕಿಗಳು ತಿರುಗುಮುರುಗಾಗಿರುವುದು ಕಾಕತಾಳೀಯವಾದರೂ, ಪಾಠದ ಹೆಜ್ಜೆಗಳನ್ನು ಹಾಗೆಯೇ ಬರೆದುಕೊಂಡು ಹೋದ ವಿದ್ಯಾರ್ಥಿಗಳಿಗೆ 34ಕ್ಕೂ 43ಕ್ಕೂ ಬೇರೆ ವ್ಯತ್ಯಾಸ ತೋರುವುದಿಲ್ಲ. ಭೂಮಿಯನ್ನು ಆರಾರು ಡಿಗ್ರಿಗಳ ಅಗಲದ ಅರವತ್ತು ಪಟ್ಟಿಗಳಾಗಿ ಸೀಳಿದ್ದಾರೆ, 72ರಿಂದ 78 ಡಿಗ್ರಿ ಪೂರ್ವದ ಪಟ್ಟಿಯಲ್ಲಿ ನಾವಿದ್ದೇವೆ ಎಂಬ ಎರಡು ವಾಕ್ಯಗಳು ಆ ಹೆಜ್ಜೆಯ ನೆತ್ತಿಯ ಮೇಲೆ ಇದ್ದಿದ್ದರೆ ಸಾಕಾಗಿತ್ತು.

ಇದಕ್ಕಿಂತ ಸ್ವಾರಸ್ಯವಾದದ್ದು ಇಳಿಜಾರಿನ ಪಾಠ. ಮನೆ ಕೊಳ್ಳುವವರು ಅಲ್ಲೊಂದು ಕುಟೀರವನ್ನೂ ಕಟ್ಟಬಯಸುತ್ತಾರೆಂದು ಕಥೆ ಮುಂದುವರಿಯುತ್ತದೆ. ಜಾಗ ಉತ್ತರಕ್ಕೆ ಮುಖ ಮಾಡಿರಬೇಕು, ಇಳಿಜಾರು 5 ಡಿಗ್ರಿಗಿಂತ ಕಡಿಮೆ ಇರಬೇಕು, 2 ಡಿಗ್ರಿಗಿಂತ ಕಡಿಮೆಯಿದ್ದರೆ ಮುಖ ಯಾವ ಕಡೆಗಿದ್ದರೂ ನಡೆದೀತು. ಉತ್ತರವೇ ಏಕೆ? ದಕ್ಷಿಣಾರ್ಧಗೋಳದಲ್ಲಿ ಎಂಬ ಅರ್ಧ ಮಾತಿನಲ್ಲಿ ಕೈಪಿಡಿ ಕಾರಣವನ್ನು ಮುಗಿಸಿಬಿಡುತ್ತದೆ. ಅಲ್ಲಿ ಸೂರ್ಯ ವರ್ಷವಿಡೀ ಉತ್ತರದ ಆಕಾಶದಲ್ಲೇ ಸಾಗುವುದರಿಂದ ಉತ್ತರದ ಇಳಿಜಾರಿಗೆ ಬಿಸಿಲು ಹೆಚ್ಚು. ದಿಕ್ಕನ್ನು ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸುವುದರಿಂದ, ಸೂತ್ರದಲ್ಲಿ ಇದು 270 ಡಿಗ್ರಿಗಿಂತ ಮೇಲೆ ಅಥವಾ 90 ಡಿಗ್ರಿಗಿಂತ ಕೆಳಗೆ ಎಂಬ ಒಂದು ಸಾಲಾಗುತ್ತದೆ.

ಈ ಸಾಲನ್ನು ತೆಗೆದುಕೊಂಡು ಹೋಗಿ ಕೊಡಗಿನ ಬೆಟ್ಟದ ಮೇಲೆ ಕಾಫಿಗೆ ಯೋಗ್ಯವಾದ ಜಾಗ ಹುಡುಕಿದರೆ ಏನಾಗುತ್ತದೆ ಎಂಬುದನ್ನು ತಾಳ್ಮೆಯಿಂದ ನೋಡಬೇಕು. ನಾವು ಉತ್ತರಾರ್ಧಗೋಳದವರಾದ್ದರಿಂದ ದಿಕ್ಕನ್ನು ತಿರುಗಿಸಿ ದಕ್ಷಿಣ ಎಂದು ಬರೆದರಾಯಿತು ಎಂದು ಜಾಣ ವಿದ್ಯಾರ್ಥಿ ಹೇಳಬಹುದು, ಅದೂ ಸರಿಯಲ್ಲ. ಏಪ್ರಿಲ್ ಕೊನೆಯ ಭಾಗದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಮೇಲಾಗಿ ನಮ್ಮ ಬೆಳೆ ನೆರಳಿನಡಿ ಬೆಳೆಯುವಂಥದ್ದು, ಅದಕ್ಕೆ ಬೇಕಾದದ್ದು ಹೆಚ್ಚು ಬಿಸಿಲಲ್ಲ. ಉತ್ತರ, ಪೂರ್ವ, ಈಶಾನ್ಯದ ಇಳಿಜಾರುಗಳು ಕಾಫಿಗೆ ಒಳ್ಳೆಯವು, ಪಶ್ಚಿಮದ ಇಳಿಜಾರಿಗೆ ಮಧ್ಯಾಹ್ನದ ಮೇಲಿನ ಬಿಸಿಲು ಬಡಿಯುವುದರಿಂದ ಅಲ್ಲಿ ಹೆಚ್ಚು ನೆರಳು ಕೊಡಬೇಕು ಎಂಬುದು ಇಲ್ಲಿನ ತೋಟಗಾರರಿಗೆಲ್ಲ ಗೊತ್ತಿರುವ ಸಂಗತಿ. ಹೀಗಾಗಿ ಸ್ವೆಲ್ಲೆಂಡ್ಯಾಮಿನ ಸೂತ್ರ ಇಲ್ಲಿಯೂ ಅರ್ಧ ಸರಿಯಾದ ನಕ್ಷೆಯನ್ನೇ ಕೊಡುತ್ತದೆ, ಅದೂ ಪೂರ್ತಿ ತಪ್ಪು ಕಾರಣಕ್ಕೆ. ಈಶಾನ್ಯದ ಇಳಿಜಾರುಗಳು ಸರಿಯಾಗಿಯೇ ಸೇರುತ್ತವೆ. ವಾಯವ್ಯದ ಬಿಸಿಲು ಬಡಿಯುವ ಇಳಿಜಾರುಗಳೂ ಅವುಗಳ ಜೊತೆ ನುಸುಳುತ್ತವೆ. ಪೂರ್ವದಿಂದ ತುಸುವೇ ದಕ್ಷಿಣಕ್ಕೆ ವಾಲಿದ ಒಳ್ಳೆಯ ಜಾಗಗಳು ಹೊರಗುಳಿಯುತ್ತವೆ. ನಕ್ಷೆ ಸುಂದರವಾಗಿ ಮುದ್ರಣವಾಗುತ್ತದೆ. ಮುಖದ ದಿಕ್ಕು ಎಂಬ ಅಂಕಿ ಯಾವುದರ ಬದಲಿಗೆ ನಿಂತಿದೆ ಎಂಬುದನ್ನು ಮೊದಲು ತಿಳಿಸದೆ ಸೂತ್ರ ಬರೆಸುವುದು ಇಂಥ ಕಡೆ ಅಪಾಯವೆನಿಸುತ್ತದೆ. ಅಲ್ಲದೆ, 5 ಡಿಗ್ರಿಗಿಂತ ಕಡಿಮೆ ಇಳಿಜಾರನ್ನು ಮಡಿಕೇರಿ ತಾಲ್ಲೂಕಿನಲ್ಲಿ ಹುಡುಕಿದರೆ ಬಹುಪಾಲು ಸಿಗುವುದು ಗದ್ದೆಬಯಲುಗಳೇ!

ಪರಿಚಯ ಪುಸ್ತಕ ಬಲವಾಗಿರುವ ಇನ್ನೆರಡು ಕಡೆಗಳನ್ನು ಹೇಳಬೇಕು. ಗುಣವಿವರಗಳ ಅಧ್ಯಾಯದಲ್ಲಿ ಕಾಲಮು ಪಠ್ಯದ್ದೋ ಸಂಖ್ಯೆಯದ್ದೋ ಎಂಬ ಚರ್ಚೆ ಬರುತ್ತದೆ. ಓದುವಾಗ ಒಣ ವಿಷಯ. ಆದರೆ ನಮ್ಮ ಸರ್ವೆ ನಂಬರುಗಳು 12/3 ಎಂಬ ರೂಪದಲ್ಲಿರುತ್ತವೆ. ಅವುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಟೈಪು ಮಾಡಿದರೆ ಅದು ಮಾರ್ಚ್ 12 ಎಂಬ ತಾರೀಖಾಗಿ ಕುಳಿತುಬಿಡುತ್ತದೆ, 112/3 ಮಾತ್ರ ಹಾಗೆಯೇ ಉಳಿಯುತ್ತದೆ. ಇಂಥ ಪಟ್ಟಿಯನ್ನು ಗಡಿಗಳ ಪದರಕ್ಕೆ ಜೋಡಿಸಿದಾಗ ಕೆಲವು ತೋಟಗಳಿಗೆ ಮಾಲೀಕರು ಸಿಗುತ್ತಾರೆ, ಕೆಲವಕ್ಕಿಲ್ಲ. ಹೆಜ್ಜೆಗಳನ್ನೆಲ್ಲ ಸರಿಯಾಗಿ ಮಾಡಿದವರು ಎಲ್ಲಿ ಹುಡುಕಬೇಕೆಂದು ತಿಳಿಯದೆ ಜೋಡಣೆಯನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಟೋಪಾಲಜಿಯ ಅಧ್ಯಾಯವೂ ಹೀಗೆಯೇ. ಎರಡು ತೋಟಗಳ ನಡುವೆ ಹಳೆಯ ಕಡಂಗವೊಂದು (ಕಂದಕ) ಗಡಿಯಾಗಿರುವಾಗ, ಈ ಕಡೆಯವರು ಒಂದು ಗೆರೆ ಆ ಕಡೆಯವರು ಒಂದು ಗೆರೆ ಎಳೆದು, ನಡುವೆ ಯಾರಿಗೂ ಸೇರದ ಎಳೆಯಷ್ಟು ಜಾಗವೋ ಇಬ್ಬರಿಗೂ ಸೇರಿದ ಜಾಗವೋ ಉಳಿದುಬಿಡುತ್ತದೆ. ಹಂಚಿಕೊಂಡ ಅಂಚು ಎಂಬ ಕಲ್ಪನೆ ತಲೆಗೆ ಬಂದವರು, ಹೊಸ ಗೆರೆಯನ್ನು ಪಕ್ಕದ ಗೆರೆಗೆ ಅಂಟಿಸುವ ಸ್ನ್ಯಾಪಿಂಗ್ ಗುಂಡಿಯನ್ನು ತಾವೇ ಹುಡುಕಿಕೊಳ್ಳುತ್ತಾರೆ. ಬಾರದವರಿಗೆ ಆ ಗುಂಡಿ ಎಲ್ಲಿದೆ ಎಂದು ತೋರಿಸಿದರೂ ಅದನ್ನು ಒತ್ತುವ ಕಾರಣ ಹೊಳೆಯುವುದಿಲ್ಲ.

ತಂತ್ರಾಂಶದ ಬರವಣಿಗೆಯನ್ನು ಬಗೆಬಗೆಯಾಗಿ ವಿಂಗಡಿಸುವ ಪದ್ಧತಿ ಹೊಸದೇನಲ್ಲ. ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ಓಯಾಸಿಸ್ ಸಂಸ್ಥೆಯ ಮಾನಕವಾದ ಡಿಟಾ ಎಂಬ ವಿಧಾನ ಪರಿಕಲ್ಪನೆ, ಕೆಲಸ, ಆಕರ ಎಂದು ಮೂರು ಬಗೆ ಮಾಡುತ್ತದೆ. ಡ್ಯಾನಿಯೆಲೆ ಪ್ರೊಚಿಡಾ ರೂಪಿಸಿದ ಡಯಾಟ್ಯಾಕ್ಸಿಸ್ ಅದನ್ನು ಪಾಠ, ಮಾರ್ಗದರ್ಶಿ, ಆಕರ, ವಿವರಣೆ ಎಂದು ನಾಲ್ಕು ಮಾಡುತ್ತದೆ. ಬರೆಯುವವರ ಶಿಸ್ತಿಗೆ ಇವು ಉಪಕಾರಿ. ಕ್ಯೂಜಿಐಎಸ್ ಕೈಪಿಡಿಗಳು ಬೇರೆ ಬೇರೆ ಪುಸ್ತಕಗಳಾಗಿರುವುದೂ ಹೆಚ್ಚು ಕಡಿಮೆ ಇಂಥ ವಿಂಗಡಣೆಯೇ. ಆದರೆ ಬೇರೆ ಬೇರೆ ಕಪಾಟಿನಲ್ಲಿಟ್ಟ ಮಾತ್ರಕ್ಕೆ ಓದುಗರು ಯಾವ ಗಳಿಗೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಬೇಕು ಎಂಬುದು ತೀರ್ಮಾನವಾಗುವುದಿಲ್ಲ. ತರಬೇತಿ ಕೈಪಿಡಿಯ ಅಳತೆಯ ಪಾಠಗಳಿಂದ ಪರಿಚಯ ಪುಸ್ತಕದ ಆಯಾ ಪುಟಕ್ಕೆ, ಇದನ್ನು ಓದದೆ ಮುಂದೆ ಹೋಗಬೇಡಿ ಎಂಬ ಗಟ್ಟಿಯಾದ ಸೂಚನೆಯಿದ್ದಿದ್ದರೆ ನನ್ನ ದೂರಿನ ಬಹುಭಾಗ ಇರುತ್ತಿರಲಿಲ್ಲ.

ತೀರ್ಪು ಕೊಡುವುದಾದರೆ ಎರಡೂ ಪುಸ್ತಕಗಳು ಉತ್ತಮವಾಗಿವೆ, ಬೆಲೆಯಿಲ್ಲದೆ ಸಿಗುವವುಗಳಲ್ಲಿ ಇವಕ್ಕಿಂತ ಒಳ್ಳೆಯವನ್ನು ನಾನು ನೋಡಿಲ್ಲ. ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಬೇಕಾದ ಪುಟಗಳನ್ನು ಮುದ್ರಿಸಿ ಹಂಚಲು, ಕನ್ನಡಕ್ಕೆ ತಂದುಕೊಳ್ಳಲು, ಸ್ವೆಲ್ಲೆಂಡ್ಯಾಮಿನ ಜಾಗದಲ್ಲಿ ಸೋಮವಾರಪೇಟೆಯನ್ನೋ ಪೊನ್ನಂಪೇಟೆಯನ್ನೋ ಇಟ್ಟು ಬರೆಯಲು ಅಡ್ಡಿಯಿಲ್ಲ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಂಥ ಕಡೆ ಓದುವ ವಿದ್ಯಾರ್ಥಿಗಳು, ನಾಲ್ಕು ವರ್ಷದ ಓದು ಮುಂದಿರುವುದರಿಂದ, ಪರಿಚಯ ಪುಸ್ತಕವನ್ನು ಮೊದಲ ಪುಟದಿಂದ ಓದಿದರೆ ನಷ್ಟವಿಲ್ಲ. ಒಂದು ತೋಟದ ಗಡಿ ಬಿಡಿಸಲು ಕುಳಿತವರು ತರಬೇತಿ ಕೈಪಿಡಿಯಿಂದಲೇ ಆರಂಭಿಸಲಿ. ಆದರೆ ಮೊದಲ ಸಂಖ್ಯೆಯನ್ನು ಅಳೆಯುವ ಮುನ್ನ ಅದನ್ನು ಬದಿಗಿಟ್ಟು, ಪರಿಚಯ ಪುಸ್ತಕದ ನಿರ್ದೇಶಾಂಕದ ಅಧ್ಯಾಯವನ್ನು ಓದಿ, ತಮ್ಮ ಪದರವನ್ನು ಇಪಿಎಸ್‌ಜಿ 32643ಕ್ಕೆ ರಫ್ತು ಮಾಡಿಕೊಂಡು ಮುಂದುವರಿಯಲಿ. ಪದರದ ವ್ಯವಸ್ಥೆಯ ಹೆಸರನ್ನು ಮಾತ್ರ ಬದಲಿಸುವ ಗುಂಡಿ ಬೇರೆಯೇ ಇದೆ, ಅದು ಪರಿವರ್ತನೆಯಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಕೊಳ್ಳುವವರಿಗೆ ಕಳುಹಿಸುವ ಕಡತವನ್ನು ಕೊನೆಯಲ್ಲಿ ಮತ್ತೆ ಡಿಗ್ರಿಗಳಿಗೆ ರಫ್ತು ಮಾಡಬೇಕಾಗುತ್ತದೆ, ಏಕೆಂದರೆ ನಿಯಮ ಕೇಳುವುದು ಅಕ್ಷಾಂಶ ರೇಖಾಂಶಗಳನ್ನು.

ಕೈಪಿಡಿಗಳು ದೀರ್ಘಾವಧಿ ಬೆಂಬಲದ ಆವೃತ್ತಿಗೆ ಹೊಂದಿಕೊಂಡಿರುವುದರಿಂದ ಅದೇ ಆವೃತ್ತಿಯನ್ನು ಹಾಕಿಕೊಂಡರೆ ಚಿತ್ರಗಳಿಗೂ ಪರದೆಗೂ ತಾಳೆಯಾಗುತ್ತದೆ. ಎರಡೂ ಪುಸ್ತಕಗಳು ಪಿಡಿಎಫ್ ರೂಪದಲ್ಲೂ ಸಿಗುತ್ತವೆ. ಅವುಗಳನ್ನೂ ಅಭ್ಯಾಸದ ದತ್ತಾಂಶದ ಜಿಪ್ ಕಡತವನ್ನೂ ಮೇ ತಿಂಗಳು ಮುಗಿಯುವುದರೊಳಗೆ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು. ಜೂನ್ ಬಂತೆಂದರೆ ಬಿರುನಾಣಿ, ಭಾಗಮಂಡಲದ ಕಡೆಯವರಿಗೆ ನೆಟ್‌ವರ್ಕ್ ನಂಬಿ ಇಳಿಸಿಕೊಳ್ಳುವುದು ಕಷ್ಟ.